ನಗುತ್ತಿರುವವರು ಯಾರು? ಹಳೆಯ ಅಚ್ಚಿನ ರಾಜಕೀಯ ವ್ಯಂಗ್ಯಚಿತ್ರಗಳನ್ನು ಓದುವ ಬಗೆ

ಟಿಪ್ಪು ಸುಲ್ತಾನ ಕೋಟೆಯ ಮೇಲೆ ನಿಂತು ಉಚ್ಚೆ ಹೊಯ್ಯುತ್ತಿದ್ದಾನೆ. ಕೆಳಗೆ ದಿಕ್ಕೆಟ್ಟು ಓಡುತ್ತಿರುವ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸನ ಮೇಲೆ ಅದು ಸುರಿಯುತ್ತಿದೆ. ಚಿತ್ರದ ಕೆಳಗಿನ ಇಂಗ್ಲಿಷ್ ಬರಹದ ಅರ್ಥ ಇಷ್ಟು: ‘ಮುಂಗಾರು ಹಿಡಿಯಿತು, ಅಥವಾ ಶ್ರೀರಂಗಪಟ್ಟಣದಿಂದ ಪಲಾಯನ’. 1791ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಅಚ್ಚಾದ ಈ ಚಿತ್ರವನ್ನು ತಾಮ್ರದ ಮೇಲೆ ಕೊರೆದವನು ಜೇಮ್ಸ್ ಗಿಲ್ರೇ.

ಇದನ್ನು ಕಲಬುರಗಿಯ ಯಾವುದಾದರೂ ಚಹಾದಂಗಡಿಯಲ್ಲಿ ಕುಳಿತವರಿಗೆ ಮೊಬೈಲಿನಲ್ಲಿ ತೋರಿಸಿ. ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ: “ನೋಡ್ರಿ, ಇಂಗ್ಲೀಷರೇ ಒಪ್ಪಿಕೊಂಡಾರ, ನಮ್ಮವ ಹೆಂಗ ಓಡಿಸ್ಯಾನ ಅಂತ!” ಮಾತು ಹಿತವಾಗಿದೆ, ಆದರೆ ಅರ್ಧ ಮಾತ್ರ ಖರೆ. ಗಿಲ್ರೇಗೆ ಟಿಪ್ಪುವಿನ ಮೇಲೆ ಯಾವ ಅಭಿಮಾನವೂ ಇರಲಿಲ್ಲ. ಅವನು ಟಿಪ್ಪುವನ್ನು ಕಂಡವನೂ ಅಲ್ಲ. ಚಿತ್ರದಲ್ಲಿರುವುದು ರುಮಾಲು, ಮೀಸೆ ಹೊತ್ತ ‘ಪೂರ್ವದೇಶದ ದೊರೆ’ ಎಂಬ ಸಿದ್ಧ ಮುಖವಾಡ. ಬಾಣ ಹೋಗುವುದು ಕಾರ್ನ್‌ವಾಲಿಸನ ಕಡೆಗೆ. 1791ರ ಮೇ ತಿಂಗಳಲ್ಲಿ ಅವನು ಶ್ರೀರಂಗಪಟ್ಟಣದ ಬಾಗಿಲ ತನಕ ಹೋಗಿ, ಮಳೆ, ದವಸದ ಕೊರತೆ, ಸಾಯುತ್ತಿದ್ದ ಎತ್ತುಗಳ ಕಾರಣದಿಂದ ತನ್ನ ಭಾರೀ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಸುದ್ದಿ ಹಡಗೇರಿ ಲಂಡನ್ ಮುಟ್ಟಲು ತಿಂಗಳುಗಟ್ಟಲೆ ಹಿಡಿಯಿತು. ಅಲ್ಲಿ ಸರ್ಕಾರದ ವಿರೋಧಿಗಳಿಗೆ ಅದೇ ಹಬ್ಬವಾಯಿತು. ಗಿಲ್ರೇ ಆ ಹಬ್ಬಕ್ಕೆ ಸರಕು ಒದಗಿಸಿದ, ಅಷ್ಟೇ. ನಾಲ್ಕು ತಿಂಗಳು ಕಳೆಯುವುದರೊಳಗೆ, 1792ರ ಫೆಬ್ರುವರಿ-ಮಾರ್ಚಿನಲ್ಲಿ, ಟಿಪ್ಪು ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಕೊಡಬೇಕಾಯಿತು.

ನಮ್ಮ ಭಾಗದವರಿಗೆ ಇನ್ನೊಂದು ತೊಡಕಿದೆ. ಕಲಬುರಗಿ, ಬೀದರ್ ಆಗ ನಿಜಾಮನ ಕೈಯಲ್ಲಿದ್ದವು. ಆ ಯುದ್ಧದಲ್ಲಿ ನಿಜಾಮನ ಕುದುರೆ ದಂಡು ಇದ್ದದ್ದು ಕಾರ್ನ್‌ವಾಲಿಸನ ಪಕ್ಷದಲ್ಲಿ. ಚಿತ್ರ ನೋಡಿ ‘ನಮ್ಮವ’ ಎನ್ನುವಾಗ ನಾವು ಯಾರ ಪ್ರಜೆಗಳಾಗಿದ್ದೆವು ಎನ್ನುವುದನ್ನು ಗಿಲ್ರೇ ಅಲ್ಲ, ನಾವೇ ನೆನಪಿಟ್ಟುಕೊಳ್ಳಬೇಕು.

ಹಾಗಾಗಿ ಹಳೆಯ ರಾಜಕೀಯ ವ್ಯಂಗ್ಯಚಿತ್ರ ಕೈಗೆ ಬಂದರೆ, ಯಾರನ್ನು ಬರೆದಿದ್ದಾರೆ ಎಂದು ಹುಡುಕುವ ಮೊದಲು ನಾನು ಕೇಳಿಕೊಳ್ಳುವುದು ಎರಡೇ: ಇದನ್ನು ಕೊಂಡವರು ಯಾರು? ಬರೆದವನಿಗೆ ದುಡ್ಡು ಕೊಟ್ಟವರು ಯಾರು? ಈ ಎರಡಕ್ಕೂ ಉತ್ತರ ಬಹುಪಾಲು ಚಿತ್ರ ಯಾವುದರ ಮೇಲೆ ಅಚ್ಚಾಯಿತು ಎಂಬುದರಲ್ಲೇ ಇರುತ್ತದೆ. ತಾಮ್ರ, ಮರ, ಕಲ್ಲು: ಮೂರಕ್ಕೂ ಬೇರೆ ಬೇರೆ ಗಿರಾಕಿ.

ತಾಮ್ರ

ಗಿಲ್ರೇ ಕಾಲದ ವಿಧಾನ ಹೀಗಿತ್ತು. ನಯಗೊಳಿಸಿದ ತಾಮ್ರದ ತಗಡಿಗೆ ಮೇಣದ ಲೇಪ ಕೊಡುತ್ತಾರೆ. ಸೂಜಿಯಿಂದ ಮೇಣವನ್ನು ಗೀರಿ ಚಿತ್ರ ಬರೆಯುತ್ತಾರೆ. ತಗಡನ್ನು ಆಮ್ಲದಲ್ಲಿ ಇಳಿಸಿದಾಗ ಗೀರಿದ ಕಡೆ ಮಾತ್ರ ತಾಮ್ರ ಕೊರೆದು ಗೆರೆಯಾಗುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ರೋಲರಿನಲ್ಲಿ ಒತ್ತಿದರೆ ಚಿತ್ರ ಮೂಡುತ್ತದೆ, ಎಡಬಲ ತಿರುಗಿ. ಬಣ್ಣವನ್ನು ಆಮೇಲೆ ಒಂದೊಂದೇ ಹಾಳೆಗೆ ಕೈಯಿಂದ ಹಚ್ಚಬೇಕು. ತಗಡಿನ ಸೂಕ್ಷ್ಮ ಗೆರೆಗಳು ಬೇಗ ಸವೆಯುವುದರಿಂದ ಲಕ್ಷಗಟ್ಟಲೆ ಪ್ರತಿ ತೆಗೆಯುವ ಮಾತೇ ಇಲ್ಲ.

ಬಣ್ಣದ ಹಾಳೆಗೆ ಸಾಮಾನ್ಯವಾಗಿ ಎರಡು ಶಿಲಿಂಗ್, ಬಣ್ಣವಿಲ್ಲದ್ದಕ್ಕೆ ಒಂದು. ಕೂಲಿಕಾರನಿಗೆ ಅದು ಆಗುವ ಮಾತಲ್ಲ. ಕೊಳ್ಳುತ್ತಿದ್ದವರು ಸಂಸತ್ ಸದಸ್ಯರು, ವಕೀಲರು, ದೊಡ್ಡ ಮನೆತನದವರು. ಬಡವರು ಅಂಗಡಿಯ ಗಾಜಿನ ಕಿಟಕಿಯ ಮುಂದೆ ಮುಗಿಬಿದ್ದು ಬಿಟ್ಟಿ ನೋಡುತ್ತಿದ್ದರು. ಸಂಜೆಯ ಔತಣಕ್ಕೆ ವ್ಯಂಗ್ಯಚಿತ್ರಗಳ ಆಲ್ಬಂ ಬಾಡಿಗೆಗೆ ಕೊಡುವ ಅಂಗಡಿಗಳೂ ಇದ್ದವು.

ಅಂದರೆ ಆ ಚಿತ್ರಗಳು ಒಳಗಿನವರು ಒಳಗಿನವರಿಗಾಗಿ ಮಾಡಿದ ಗೇಲಿ. ಯಾವ ಮಂತ್ರಿಯ ಮೂಗು ಹೇಗಿದೆ, ಯಾರಿಗೆ ಎಷ್ಟು ಸಾಲ, ಯಾರ ಸಂಬಂಧ ಯಾರ ಜೊತೆ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಪೂರ್ತಿ ರುಚಿ. ನಮಗೆ ಇವತ್ತು ಅರ್ಧ ಚಿತ್ರ ಅರ್ಥವಾಗದಿದ್ದರೆ ಅದಕ್ಕೆ ನಾಚಬೇಕಿಲ್ಲ.

ಇನ್ನು ದುಡ್ಡಿನ ಮಾತು. ಗಿಲ್ರೇಗೆ 1797ರಿಂದ ಟೋರಿ ಪಕ್ಷದ ಸರ್ಕಾರ ವರ್ಷಕ್ಕೆ 200 ಪೌಂಡ್ ಗುಟ್ಟಾದ ಪಿಂಚಣಿ ಕೊಡುತ್ತಿತ್ತು. ಆ ಮೇಲಿನ ಚಿತ್ರಗಳಲ್ಲಿ ವಿರೋಧ ಪಕ್ಷದವರಿಗೆ ಬೀಳುವ ಏಟಿನ ಜೋರು ನೋಡಿದರೆ ಪಿಂಚಣಿ ಸುಮ್ಮನೆ ಹೋಗಿಲ್ಲ ಎನ್ನಿಸುತ್ತದೆ. ಇನ್ನೂ ಮಜಾ ಇರುವುದು 1820ರಲ್ಲಿ. ನಾಲ್ಕನೆಯ ಜಾರ್ಜ್ ಗಾದಿಗೆ ಬಂದ ಹೊಸದರಲ್ಲಿ, ರಾಜನನ್ನು ಅನೈತಿಕ ಸನ್ನಿವೇಶದಲ್ಲಿ ಚಿತ್ರಿಸುವುದಿಲ್ಲ ಎಂದು ಬರೆದುಕೊಡಲು ಜಾರ್ಜ್ ಕ್ರೂಕ್‌ಶ್ಯಾಂಕ್ ಎಂಬ ಚಿತ್ರಕಾರನಿಗೆ 100 ಪೌಂಡ್ ಕೊಡಲಾಯಿತು. ಬರೆಯದೇ ಇರುವುದಕ್ಕೂ ಸಂಬಳ! ರಾಜನಿಗೆ ಭಯ ಎಷ್ಟಿತ್ತೆಂದು ಅಳೆಯಲು ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ?

ಗಿಲ್ರೇ ಬಿಟ್ಟುಹೋದ ಒಂದು ಸುಳ್ಳು ಇಂದಿಗೂ ನಮ್ಮ ಶಾಲೆಗಳಲ್ಲಿ ಓಡಾಡುತ್ತಿದೆ: ನೆಪೋಲಿಯನ್ ಕುಳ್ಳ ಎನ್ನುವುದು. ಅವನ ಎತ್ತರ ಸುಮಾರು ಐದು ಅಡಿ ಆರೇಳು ಇಂಚು, ಆ ಕಾಲದ ಫ್ರೆಂಚ್ ಗಂಡಸಿಗೆ ಸಾಧಾರಣ. ಗಿಲ್ರೇ ಅವನನ್ನು ದೊಡ್ಡ ಟೋಪಿ, ದೊಡ್ಡ ಬೂಟು ತೊಟ್ಟು ಕೂಗಾಡುವ ಪುಟ್ಟ ಪೋರನನ್ನಾಗಿ ಬರೆದ. 1805ರಲ್ಲಿ ಬಂದ ಪ್ರಸಿದ್ಧ ಚಿತ್ರದಲ್ಲಿ ಬ್ರಿಟನ್ನಿನ ಪ್ರಧಾನಿ ಪಿಟ್ ಮತ್ತು ನೆಪೋಲಿಯನ್ ಒಂದೇ ಮೇಜಿನಲ್ಲಿ ಕುಳಿತು ಭೂಗೋಳವನ್ನು ಕಡುಬಿನಂತೆ ಕೊಯ್ಯುತ್ತಿದ್ದಾರೆ. ಪಿಟ್ ಕಡ್ಡಿಯಂತೆ ಉದ್ದ, ಸಾವಧಾನಿ. ಅವನ ಪಾಲಿಗೆ ಸಮುದ್ರ. ನೆಪೋಲಿಯನ್ ಕುರ್ಚಿಯಿಂದ ಅರ್ಧ ಎದ್ದು, ಕಣ್ಣು ಬಿಟ್ಟು ಯುರೋಪನ್ನು ಹೆಚ್ಚುತ್ತಿದ್ದಾನೆ. ಸುರಪುರದ ಆಸ್ಥಾನ ಚಿತ್ರಕಾರರೂ ಗಾತ್ರದಿಂದಲೇ ಮಾತಾಡಿದವರು: ಅರಸ ದೊಡ್ಡವನು, ಸುತ್ತ ನಿಂತ ಮಂದಿ ಚಿಕ್ಕವರು. ಗಿಲ್ರೇ ಅದೇ ವಿದ್ಯೆಯನ್ನು ತಲೆಕೆಳಗು ಮಾಡಿದ. ಹಳೆಯ ಚಿತ್ರ ಹಿಡಿದಾಗ ಮೊದಲು ಯಾರು ಎಷ್ಟು ದೊಡ್ಡವರಾಗಿದ್ದಾರೆ ಎಂದು ನೋಡಿ. ಹೆಸರು ಗೊತ್ತಿಲ್ಲದಿದ್ದರೂ ಚಿತ್ರದ ಪಕ್ಷಪಾತ ಅಲ್ಲೇ ಬಯಲಾಗುತ್ತದೆ.

ಮರ

ಮರದಚ್ಚಿನ ಗುಣ ಬೇರೆ. ಗಟ್ಟಿಯಾದ ಬಾಕ್ಸ್ ಮರವನ್ನು ಅಡ್ಡಕ್ಕೆ ಕತ್ತರಿಸಿ, ಆ ಮೈಮೇಲೆ ಕೆತ್ತಿದರೆ ಬಹಳ ಸೂಕ್ಷ್ಮ ಗೆರೆ ನಿಲ್ಲುತ್ತದೆ. ಅಚ್ಚುಮೊಳೆಗಳಷ್ಟೇ ಎತ್ತರದ ತುಂಡಾದ್ದರಿಂದ ಅಕ್ಷರದ ಜೊತೆಗೇ ಜೋಡಿಸಿ ಒಂದೇ ಏಟಿಗೆ ಅಚ್ಚು ಹಾಕಬಹುದು. ಆ ಮರದ ದಿಮ್ಮಿ ಸಣ್ಣದಾದ್ದರಿಂದ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೋಲ್ಟ್ ಹಾಕಿ ಕೂಡಿಸುತ್ತಿದ್ದರು. ಅವಸರವಿದ್ದರೆ ತುಂಡು ಬಿಚ್ಚಿ ನಾಲ್ಕಾರು ಕೆತ್ತನೆಗಾರರಿಗೆ ಹಂಚುತ್ತಿದ್ದರು. ಹಳೆಯ ಹಾಳೆಯಲ್ಲಿ ಚಿತ್ರದ ಮಧ್ಯೆ ಕೂದಲೆಳೆಯಂಥ ಬಿಳಿ ಗೆರೆ ನೆಟ್ಟಗೆ ಹಾದುಹೋಗಿದ್ದರೆ ಅದು ಆ ತುಂಡುಗಳ ಸಂದು.

1841ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಪಂಚ್’ ವಾರಪತ್ರಿಕೆ ನಡೆದದ್ದು ಇದರ ಬಲದ ಮೇಲೆ. ಬೆಲೆ ಮೂರು ಪೆನ್ಸ್, ಗಿಲ್ರೇಯ ಬಣ್ಣದ ಹಾಳೆಯ ಎಂಟನೇ ಒಂದು ಪಾಲು. ಗಿರಾಕಿ ಈಗ ಮಧ್ಯಮ ವರ್ಗದ ಸಂಸಾರಸ್ಥ. ಹೆಂಡತಿ ಮಕ್ಕಳ ಎದುರು ತೆರೆದಿಡುವ ಪತ್ರಿಕೆಯಲ್ಲಿ ಉಚ್ಚೆ ಹೊಯ್ಯುವ ಸುಲ್ತಾನನಿಗೆ ಜಾಗವಿಲ್ಲ. ವ್ಯಂಗ್ಯ ಸಭ್ಯವಾಯಿತು, ದೇಶಗಳು ಪ್ರಾಣಿಗಳಾದವು: ಬ್ರಿಟನ್ ಸಿಂಹ, ರಷ್ಯಾ ಕರಡಿ, ಭಾರತ ಹುಲಿ.

ಸಭ್ಯತೆಯ ಕೆಳಗೆ ಎಂಥ ಕ್ರೌರ್ಯ ಕೂತಿರಬಹುದು ಎನ್ನುವುದಕ್ಕೆ ‘ಪಂಚ್’ನ ಚಿತ್ರಕಾರ ಜಾನ್ ಟೆನಿಯಲ್ ಬರೆದ 1857ರ ಆಗಸ್ಟಿನ ಚಿತ್ರ ನೋಡಬೇಕು. ತಾಯಿ ಮಗುವಿನ ಮೇಲೆ ಬಿದ್ದ ಬಂಗಾಳದ ಹುಲಿಯ ಮೇಲೆ ಬ್ರಿಟಿಷ್ ಸಿಂಹ ಹಾರುತ್ತಿದೆ. ಇಲ್ಲಿ ನಗುವಿಗೆ ಜಾಗವೇ ಇಲ್ಲ, ಇರುವುದು ಸೇಡಿನ ಕರೆ. ಕೆಲವೇ ತಿಂಗಳಲ್ಲಿ, 1858ರ ಆರಂಭದಲ್ಲಿ, ಈಗಿನ ಯಾದಗಿರಿ ಜಿಲ್ಲೆಯ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ಸೋತ. 1860ರಲ್ಲಿ ಸುರಪುರ ನಿಜಾಮನಿಗೆ ಇನಾಮಾಗಿ ಹೋಯಿತು. ಆ ಹುಲಿಯ ಚಿತ್ರ ನೋಡಿ ತಲೆದೂಗಿದ ಓದುಗನಿಗೆ ಸುರಪುರ ನಕಾಶೆಯಲ್ಲಿ ಎಲ್ಲಿದೆ ಎಂಬುದೂ ತಿಳಿದಿರಲಾರದು. ಒಂದು ದೇಶವನ್ನೇ ಒಂದು ಮೃಗವಾಗಿ ಬರೆದ ಮೇಲೆ ಅದರೊಳಗಿನ ಊರು, ಅರಸು, ಒಪ್ಪಂದ, ದ್ರೋಹ ಯಾವುದೂ ಕಾಣಬೇಕಿಲ್ಲ.

ಅದೇ ಟೆನಿಯಲ್ 1876ರಲ್ಲಿ ತನ್ನ ಪ್ರಧಾನಿಯನ್ನೂ ಬಿಡಲಿಲ್ಲ. ವಿಕ್ಟೋರಿಯಾ ರಾಣಿಗೆ ಭಾರತದ ಸಾಮ್ರಾಜ್ಞಿ ಎಂಬ ಬಿರುದು ಕೊಡಿಸಲು ಡಿಸ್ರೇಲಿ ಕಾನೂನು ತಂದಾಗ, ‘ಹಳೆಯ ಕಿರೀಟಕ್ಕೆ ಹೊಸ ಕಿರೀಟ’ ಎಂದು ಕೂಗುವ ಮಾಂತ್ರಿಕನನ್ನಾಗಿ ಅವನನ್ನು ಬರೆದ. ಅಲಾದೀನನ ದೀಪದ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ದೀಪ ಕೊಟ್ಟು ಹೊಸದು ತಗೊಂಡವಳು ಮೋಸಹೋದಳು, ಹಳೆಯದರಲ್ಲೇ ಶಕ್ತಿ ಇತ್ತು. ಹಳೆಯ ವ್ಯಂಗ್ಯಚಿತ್ರಗಳಲ್ಲಿ ಇಂಥ ಕಥೆಯ ಕೊಂಡಿ ಬಹಳ. ಕಥೆ ಸಿಕ್ಕರೆ ಚಿತ್ರ ತಾನೇ ಬಿಚ್ಚಿಕೊಳ್ಳುತ್ತದೆ. ಆ ಬಿರುದಿನ ಘೋಷಣೆಗಾಗಿ 1877ರ ಜನವರಿ 1ರಂದು ದಿಲ್ಲಿಯಲ್ಲಿ ನಡೆದ ದರ್ಬಾರಿಗೆ ಹೈದರಾಬಾದಿನಿಂದ ಹೋದವನು ಹತ್ತು ವರ್ಷದ ಬಾಲಕ ನಿಜಾಮ ಮಹಬೂಬ್ ಅಲಿ ಖಾನ್.

ಮರದಚ್ಚಿನ ಚಿತ್ರ ಅಧಿಕಾರವನ್ನು ನಿಜವಾಗಿ ಅಲ್ಲಾಡಿಸಿದ ಕಥೆ ನ್ಯೂಯಾರ್ಕಿನದು. ನಗರಸಭೆಯ ದುಡ್ಡು ನುಂಗಿದ ವಿಲಿಯಂ ಟ್ವೀಡ್ ಎಂಬ ಪುಢಾರಿಯ ಮೇಲೆ ಥಾಮಸ್ ನ್ಯಾಸ್ಟ್ 1871ರ ಉದ್ದಕ್ಕೂ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಚಿತ್ರ ಬರೆದ. ಒಂದರಲ್ಲಿ ಟ್ವೀಡನ ದೊಡ್ಡ ಹೊಟ್ಟೆ, ತಲೆಯ ಜಾಗದಲ್ಲಿ ಹಣದ ಚೀಲ. ಇನ್ನೊಂದರಲ್ಲಿ ಜನರ ಹಣ ಕದ್ದವರು ಯಾರೆಂದು ಕೇಳಿದರೆ ಸುತ್ತ ನಿಂತವರೆಲ್ಲ ಪಕ್ಕದವನ ಕಡೆ ಬೆರಳು ತೋರಿಸುತ್ತಾರೆ. ಟ್ವೀಡ್ ಜೈಲಿಗೆ ಹೋದ, ತಪ್ಪಿಸಿಕೊಂಡು ಸ್ಪೇನಿಗೆ ಓಡಿದ. 1876ರಲ್ಲಿ ಸ್ಪೇನಿನ ಅಧಿಕಾರಿಗಳು ಅವನನ್ನು ಗುರುತು ಹಿಡಿದದ್ದು ನ್ಯಾಸ್ಟ್ ಬರೆದ ವ್ಯಂಗ್ಯಚಿತ್ರವನ್ನು ಮುಂದಿಟ್ಟುಕೊಂಡು! ಆದರೆ ಇದೇ ನ್ಯಾಸ್ಟ್ ಐರಿಶ್ ವಲಸಿಗರನ್ನು ಮಂಗಗಳ ಹಾಗೆ ಬರೆಯುತ್ತಿದ್ದ. ಭ್ರಷ್ಟಾಚಾರದ ಮೇಲಿನ ಕೋಪವೂ ಬಡ ಕ್ಯಾಥೊಲಿಕರ ಮೇಲಿನ ತಾತ್ಸಾರವೂ ಒಂದೇ ಪೆನ್ಸಿಲಿನಿಂದ ಬಂದವು. ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಕಲ್ಲು

ಶಹಾಬಾದಿನ ಸುಣ್ಣಕಲ್ಲಿನ ಫರಸಿಯ ಮೇಲೆ ನಡೆದು ಬೆಳೆದ ನಮಗೆ ಕಲ್ಲಚ್ಚು ಅರ್ಥವಾಗುವುದು ಸುಲಭ. 1796ರ ಸುಮಾರಿಗೆ ಬವೇರಿಯಾದಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಎಂಬಾತ ಕಂಡುಕೊಂಡದ್ದು ಇಷ್ಟು: ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮೇಲೆ ಮಸಿ ಉರುಳಿಸಿದರೆ, ಬರೆದ ಕಡೆ ಮಾತ್ರ ಮಸಿ ಹತ್ತುತ್ತದೆ. ನೀರು ಕುಡಿದ ಜಾಗ ಮಸಿಯನ್ನು ದೂಡುತ್ತದೆ. ಕೊರೆಯುವುದಿಲ್ಲ, ಕೆತ್ತುವುದಿಲ್ಲ. ಬವೇರಿಯಾದ ಸೋಲ್ನ್‌ಹೋಫೆನ್ ಕಲ್ಲಿನಷ್ಟು ನುಣುಪಾದ ಕಣ ಇದಕ್ಕೆ ಬೇಕು. ಅದು ಸಿಕ್ಕರೆ ಚಿತ್ರಕಾರ ಕಾಗದದ ಮೇಲೆ ಬರೆದಷ್ಟೇ ಸಲೀಸಾಗಿ ಕಲ್ಲಿನ ಮೇಲೆ ಬರೆಯಬಹುದು. ಇವತ್ತಿನ ಸುದ್ದಿ ನಾಳೆಗೆ ಚಿತ್ರ.

ಈ ವೇಗ ಫ್ರಾನ್ಸಿನ ರಾಜನಿಗೆ ತಲೆನೋವಾಯಿತು. ಚಾರ್ಲ್ಸ್ ಫಿಲಿಪೋನ್ ಎಂಬ ಪತ್ರಿಕೆಯೊಡೆಯ ಲೂಯಿ ಫಿಲಿಪ್ ದೊರೆಯನ್ನು ಗೇಲಿ ಮಾಡಿ 1831ರಲ್ಲಿ ಕೋರ್ಟಿಗೆ ಬಂದ. ಅಲ್ಲಿ ದೊರೆಯ ಮುಖ ನಾಲ್ಕು ಹಂತದಲ್ಲಿ ಬರಬರುತ್ತಾ ಪೇರು ಹಣ್ಣು (ಪೇರಲ ಅಲ್ಲ, ಇಂಗ್ಲಿಷಿನ ‘ಪಿಯರ್’) ಆಗುವುದನ್ನು ಬರೆದು ತೋರಿಸಿ, ಹೋಲಿಕೆಯೇ ಅಪರಾಧವಾದರೆ ಪೇರು ಹಣ್ಣನ್ನೂ ಹಿಡಿದು ಜೈಲಿಗೆ ಹಾಕಬೇಕಾದೀತು ಎಂಬರ್ಥದಲ್ಲಿ ವಾದಿಸಿದ. ಕೇಸು ಸೋತ: ಆರು ತಿಂಗಳು ಜೈಲು, 2000 ಫ್ರಾಂಕ್ ದಂಡ. ಪೇರು ಹಣ್ಣು ಮಾತ್ರ ಪ್ಯಾರಿಸ್ಸಿನ ಗೋಡೆ ಗೋಡೆಯ ಮೇಲೂ ಹುಟ್ಟಿಕೊಂಡಿತು. ಅವನ ಬಳಗದ ಒನೊರೆ ದೋಮಿಯೆ ದೊರೆಯನ್ನು ಬಡವರ ಕಾಸು ನುಂಗುವ ಹೊಟ್ಟೆಬಾಕ ದೈತ್ಯನಾಗಿ ಬರೆದು 1832ರಲ್ಲಿ ತಾನೂ ಜೈಲು ಕಂಡ.

1835ರಲ್ಲಿ ದೊರೆಯ ಕೊಲೆಯತ್ನ ನಡೆದ ಮೇಲೆ ಬಂದ ಕಾನೂನು ಚಿತ್ರಗಳಿಗೆ ಮುಂಚಿತ ಪರವಾನಗಿ ಕಡ್ಡಾಯ ಮಾಡಿತು. ಬರಹಕ್ಕೆ ಆ ಕಟ್ಟು ಇರಲಿಲ್ಲ. ಬರಹ ಬುದ್ಧಿಯ ಜೊತೆ ಮಾತಾಡುತ್ತದೆ, ಚಿತ್ರ ನೇರ ಕಣ್ಣಿಗೆ ಬಡಿದು ಕೃತಿಗೆ ಪ್ರಚೋದಿಸುತ್ತದೆ ಎನ್ನುವುದು ಸರ್ಕಾರದ ವಾದ. ಬಿಡಿಸಿ ಹೇಳಿದರೆ, ಲೇಖನ ಓದಲು ಅಕ್ಷರ ಬೇಕು, ಪೇರು ಹಣ್ಣಿಗೆ ಏನೂ ಬೇಡ. ಆಳುವವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಭಾರತದಲ್ಲಿ ಕಲ್ಲಚ್ಚು ಬೇರೂರಿದ್ದಕ್ಕೆ ಇನ್ನೊಂದು ಕಾರಣ ಉರ್ದು. ನಸ್ತಾಲೀಕ್ ಲಿಪಿಯಲ್ಲಿ ಅಕ್ಷರಗಳು ಒಂದರ ಹೆಗಲ ಮೇಲೊಂದು ಇಳಿಜಾರಾಗಿ ಕೂರುತ್ತವೆ. ಅಚ್ಚುಮೊಳೆಗೆ ಅದು ಒಗ್ಗುವುದಿಲ್ಲ. ಹಾಗಾಗಿ ಕಾತಿಬ, ಅಂದರೆ ಕೈಬರಹದ ಲಿಪಿಕಾರ, ಜಿಡ್ಡಿನ ಮಸಿಯಲ್ಲಿ ಪುಟ ಬರೆಯುತ್ತಿದ್ದ, ಅದನ್ನು ಕಲ್ಲಿಗೆ ಇಳಿಸುತ್ತಿದ್ದರು. 1980ರ ದಶಕದಲ್ಲಿ ಕಂಪ್ಯೂಟರ್ ನಸ್ತಾಲೀಕ್ ಬರುವವರೆಗೂ ಉರ್ದು ಪತ್ರಿಕೆಗಳು ಕಾತಿಬರ ಕೈಯಲ್ಲೇ ಇದ್ದವು. ವ್ಯಂಗ್ಯಚಿತ್ರಕ್ಕೆ ಇದರಿಂದ ಆದ ಲಾಭ ದೊಡ್ಡದು. ಮೊಳೆ ಜೋಡಿಸುವ ಕನ್ನಡ ಪತ್ರಿಕೆಗೆ ಚಿತ್ರ ಬೇಕೆಂದರೆ ಪ್ರತ್ಯೇಕ ಬ್ಲಾಕ್ ಮಾಡಿಸಬೇಕು, ಅದಕ್ಕೆ ಬೇರೆ ಖರ್ಚು. ಕಲ್ಲಿನ ಮೇಲಾದರೆ ಬರಹವೂ ಚಿತ್ರವೂ ಒಟ್ಟಿಗೇ ಕೂರುತ್ತವೆ.

ಲಖನೌದಲ್ಲಿ 1877ರಲ್ಲಿ ಮುನ್ಷಿ ಸಜ್ಜಾದ್ ಹುಸೇನ್ ಶುರುಮಾಡಿದ ‘ಅವಧ್ ಪಂಚ್’ ಬೆಳೆದದ್ದು ಹೀಗೆ. ಹೆಸರು ಲಂಡನ್ನಿನದು, ನಾಲಿಗೆ ಲಖನೌದ್ದು. ಅಕ್ಬರ್ ಇಲಾಹಾಬಾದಿಯ ಚುಚ್ಚುನುಡಿಯ ಪದ್ಯಗಳು ಅದರಲ್ಲಿ ಬಂದವು. ಸರ್ ಸೈಯದ್ ಅಹ್ಮದ್ ಖಾನ್, ಇಂಗ್ಲಿಷ್ ಚಾಳಿ ಹಿಡಿದ ಬಾಬುಗಳು, ಸರ್ಕಾರಿ ತೆರಿಗೆ ಯಾವುದನ್ನೂ ಅದು ಬಿಡಲಿಲ್ಲ. ಅದು ಹುಟ್ಟಿದ ಮರುವರ್ಷವೇ, 1878ರಲ್ಲಿ, ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನನ್ನು ವೈಸ್‌ರಾಯ್ ಲಿಟ್ಟನ್ ತಂದ. ಇಂಗ್ಲಿಷ್ ಪತ್ರಿಕೆಗಳಿಗೆ ಆ ಕಾನೂನು ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಚಿತ್ರ, ಇಲ್ಲಿ ಜನರ ನುಡಿ: ಹೆದರಿಕೆಯ ಜಾತಿ ಒಂದೇ. ಹೈದರಾಬಾದ್ ರಾಜ್ಯದಲ್ಲಿ 1880ರ ದಶಕದಲ್ಲಿ ಪರ್ಷಿಯನ್ ಭಾಷೆಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. ನಮ್ಮ ಕಡೆಯ ಎಷ್ಟೋ ಲಿಂಗಾಯತ, ಬ್ರಾಹ್ಮಣ ಮನೆಗಳಲ್ಲೂ ಅಜ್ಜಂದಿರು ಉರ್ದು ಓದಿದವರು. ಹಳೆಯ ಕಲ್ಲಚ್ಚಿನ ಚಿತ್ರದಡಿಯ ಸಾಲು ಅವರಿಗೆ ಸಲೀಸು. ಅವರ ಮೊಮ್ಮಕ್ಕಳು ಚಿತ್ರ ನೋಡಿ ಸುಮ್ಮನಾಗಬೇಕು.

ಕಲ್ಲಚ್ಚಿಗೆ ಬಣ್ಣ ಕೂಡಿಕೊಂಡಾಗ, ಅಂದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿದಾಗ, ಬಂದದ್ದು ‘ವ್ಯಾನಿಟಿ ಫೇರ್’ ಹಾಳೆಗಳು. 1868ರಿಂದ 1914ರವರೆಗೆ ಲಂಡನ್ನಿನಲ್ಲಿ ನಡೆದ ಈ ವಾರಪತ್ರಿಕೆ ವಾರಕ್ಕೊಬ್ಬ ದೊಡ್ಡ ಮನುಷ್ಯನ ಬಣ್ಣದ ವ್ಯಂಗ್ಯಭಾವಚಿತ್ರ ಕೊಡುತ್ತಿತ್ತು. ಒಟ್ಟು ಎರಡು ಸಾವಿರಕ್ಕೂ ಮಿಕ್ಕಿ. ಬರೆದವರಲ್ಲಿ ಪ್ರಸಿದ್ಧರು ‘ಏಪ್’ ಹೆಸರಿನ ಕಾರ್ಲೋ ಪೆಲೆಗ್ರಿನಿ, ‘ಸ್ಪೈ’ ಹೆಸರಿನ ಲೆಸ್ಲಿ ವಾರ್ಡ್. ಇಂದು ಹಳೆಯ ಚಿತ್ರಗಳ ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುವುದೂ ಇವೇ. ಹಗಲುವೇಷದವರು ಊರ ಗೌಡನನ್ನು ಅವನೆದುರೇ ಅಣಕಿಸಿ ಅವನಿಂದಲೇ ಇನಾಮು ಪಡೆದಂತೆ, ಇದರಲ್ಲಿ ಬರುವುದನ್ನು ದೊಡ್ಡವರು ಮರ್ಯಾದೆ ಎಂದೇ ತಿಳಿದರು.

1876ರಲ್ಲಿ ಆ ಮರ್ಯಾದೆ ಹೈದರಾಬಾದಿನ ದಿವಾನ ಸಾಲಾರ್ ಜಂಗನಿಗೂ ಸಿಕ್ಕಿತು. ಹೈದರಾಬಾದ್ ರಾಜ್ಯದಲ್ಲಿ ಜಿಲ್ಲಾಬಂದಿ, ಅಂದರೆ ಜಿಲ್ಲೆಗಳ ವಿಂಗಡಣೆ, ತಂದವನು ಅವನೇ. 1853ರಲ್ಲಿ ಬ್ರಿಟಿಷರ ಕೈಗೆ ಹೋದ ಬೇರಾರ್ ಪ್ರಾಂತವನ್ನು ಮರಳಿ ಕೇಳುವ ಆಸೆಯಿಂದ ಆ ವರ್ಷ ಇಂಗ್ಲೆಂಡಿಗೆ ಹೋಗಿದ್ದ. ದಾರಿಯಲ್ಲಿ ಪ್ಯಾರಿಸ್ಸಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ಆಕ್ಸ್‌ಫರ್ಡ್ ಗೌರವ ಪದವಿ ಕೊಟ್ಟಿತು, ಲಂಡನ್ ನಗರ ಸನ್ಮಾನಿಸಿತು, ವ್ಯಾನಿಟಿ ಫೇರ್ ಚಿತ್ರ ಬರೆಯಿತು. ಬೇರಾರ್ ಮಾತ್ರ ಬರಲಿಲ್ಲ. ಗಿಲ್ರೇಯ ಟಿಪ್ಪು ಬರಿಯ ಮುಖವಾಡವಾಗಿದ್ದರೆ, ಇವನು ಲಂಡನ್ನಿನ ಕ್ಲಬ್ಬುಗಳವರು ಕಂಡು ಕೈಕುಲುಕಿದ ಮನುಷ್ಯ. ಹಾಗಾಗಿ ಪತ್ರಿಕೆ ತನ್ನವರನ್ನು ಬರೆಯುವ ಸಾಲಿನಲ್ಲೇ ಅವನನ್ನೂ ಕೂರಿಸಿತು. ಸನ್ಮಾನದ ಬಿಲ್ಲು ಅಗ್ಗ, ಬೇರಾರಿನ ಹತ್ತಿ ಹೊಲ ದುಬಾರಿ.

ಅಸಲಿ, ನಕಲಿ

ಕೊಳ್ಳುವವರಿಗೆ ಎರಡು ಮಾತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಸಾಕು. ಚಿತ್ರದಲ್ಲಿ ಸಾಲಾಗಿ ಜೋಡಿಸಿದ ಚುಕ್ಕಿಗಳ ಜಾಲ ಕಂಡರೆ ಅದು ಫೋಟೋದಿಂದ ತೆಗೆದ ಮರುಮುದ್ರಣ. ಗಿಲ್ರೇಯದೂ ಅಲ್ಲ, 1857ರ ಪಂಚ್‌ನದೂ ಅಲ್ಲ. ತಾಮ್ರದಚ್ಚಾದರೆ ಚಿತ್ರದ ಸುತ್ತ ತಗಡಿನ ಅಂಚು ಕಾಗದವನ್ನು ಒತ್ತಿದ ತಗ್ಗು ಇರುತ್ತದೆ, ಅಂಚು ಕತ್ತರಿಸಿರದಿದ್ದರೆ. ಕಲ್ಲಚ್ಚಿನಲ್ಲಿ ಒತ್ತು ಕಾಣುವುದಿಲ್ಲ, ಸೀಸದಕಡ್ಡಿಯ ಉಜ್ಜಿನಂಥ ಅಡ್ಡಾದಿಡ್ಡಿ ಕಣ ಕಾಣುತ್ತದೆ. ನಮ್ಮ ಬೇಸಿಗೆಯ ಬಿಸಿಲು ನೇರ ಬೀಳುವ ಗೋಡೆಗೆ ತೂಗುಹಾಕಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಫ್ರೇಮ್ ಹಾಕುವವರಿಗೆ ಮೊದಲೇ ಹೇಳಿ: ಅಂಚು ಮುಟ್ಟಬೇಡ್ರಿ. ಸೈಜಿಗೆ ಕೂರಿಸಲು ಅವರು ಕತ್ತರಿಸುವ ಆ ಎರಡು ಬೆರಳ ಕಾಗದದಲ್ಲೇ ಎಲ್ಲ ಇರುವುದು. 1735ರ ಇಂಗ್ಲಿಷ್ ಕಾನೂನಿನಂತೆ ಅಚ್ಚಿನ ಹಕ್ಕು ಬೇಕಾದವರು ಪ್ರತಿ ತಗಡಿನ ಮೇಲೂ ಒಡೆಯನ ಹೆಸರು, ಪ್ರಕಟವಾದ ತಾರೀಖು ಕೊರೆಯಬೇಕಿತ್ತು. ಕಾರ್ನ್‌ವಾಲಿಸನ ಚಿತ್ರ ಟಿಪ್ಪು ಸೋಲುವ ಮುಂಚೆ ಬಂತೋ ಆಮೇಲೆ ಬಂತೋ ಎಂದು ಹೇಳುವುದು ಆ ಒಂದು ಸಾಲು.